ಹಿತ್ತಲ ಬಾಗಿಲ ಗುಮ್ಮ

"ಗುರುಗಳೇ, ಮಕ್ಕಳು ಸುಳ್ಳು ಹೇಳುವುದನ್ನು ಬಿಡಬೇಕಾದರೆ ಸ್ವಲ್ಪ ಹೆದರಿಸಿದರೆ ತಪ್ಪೇನು?"

ಕೇಳಿದವನು ಶಿಷ್ಯ ಸಂಗಮನಾಥ. ಮಠದ ಪಾಠಶಾಲೆಯ ಗೋಡೆಯ ಮೇಲೆ ಅವನು ಆ ಬೆಳಿಗ್ಗೆಯಷ್ಟೇ ನರಕವನ್ನು ಬರೆದು ಮುಗಿಸಿದ್ದ. ಒಲೆಯ ಇದ್ದಿಲು, ಕೆಮ್ಮಣ್ಣು, ಮಿಕ್ಕ ಸುಣ್ಣ, ಎಲ್ಲವೂ ಮಠದಲ್ಲೇ ಸಿಕ್ಕಿದ್ದು. ಚಿತ್ರದಲ್ಲಿ ಸುಳ್ಳುಗಾರರು ಎಣ್ಣೆಯ ಕೊಪ್ಪರಿಗೆಯಲ್ಲಿ ಬೇಯುತ್ತಿದ್ದರು. ಚಿಕ್ಕ ಮಕ್ಕಳು ಅದನ್ನು ಕಂಡು ಕಿರುಚಿಕೊಂಡರು. ಆಮೇಲೆ ಪಾಠಶಾಲೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ.

ಗುರುಗಳು ಗೋಡೆಯನ್ನು ನೋಡಿದರು. "ಕೈಯೇನೋ ಚೆನ್ನಾಗಿದೆ ಕಣಯ್ಯಾ. ಆ ಯಮದೂತನ ಮೀಸೆ ನೋಡಿ ನನಗೇ ದಿಗಿಲಾಯಿತು. ಕೂತುಕೋ, ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಇಂಥದೇ ಕೈ ಒಬ್ಬ ಕುಂಬಾರನ ಹೆಂಡತಿಗೂ ಇತ್ತು. ಮನೆಯಲ್ಲಿ ಬಿದ್ದಿದ್ದರಲ್ಲೇ ಗೋಡೆ ಸಿಂಗರಿಸುವಳು. ಒಡೆದ ಮಡಕೆಯ ಚೂರುಗಳನ್ನು ಹಸಿ ಮಣ್ಣಿಗೆ ಒತ್ತಿದಳೆಂದರೆ ಹೂವು. ಬಳೆಚೂರು ಒತ್ತಿದಳೆಂದರೆ ನವಿಲು. ಊರಿನ ಹೆಂಗಸರು ನೋಡಲೆಂದೇ ಬರುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು, ಇನ್ನೂ ಪುಟ್ಟದು. ಹಿತ್ತಲಲ್ಲಿ ಕಟ್ಟೆಯಿಲ್ಲದ ಬಾವಿ. ಒಂದು ದಿನ ಮಗು ಬಾವಿಯ ಅಂಚಿನಲ್ಲಿ ನಿಂತು ಬಗ್ಗಿ ನೋಡುತ್ತಿತ್ತು. ತಾಯಿ ಓಡಿ ಬಂದು ಲಂಗ ಹಿಡಿದೆಳೆದಳು.

ಅಂದೇ ಅವಳು ಗುಮ್ಮನನ್ನು ಮಾಡಿದಳು. ಒಡೆದ ಮಡಕೆಯ ಮುಖ, ಕವಡೆಯ ಕಣ್ಣು, ತೆಂಗಿನ ನಾರಿನ ಕೂದಲು, ಹಳೆಯ ಕೆಂಪು ಸೀರೆ ಹರಿದು ಉದ್ದನೆಯ ನಾಲಗೆ. ಹಿತ್ತಲ ಬಾಗಿಲ ಮೇಲೆ, ಒಳಗೋಡೆಗೆ ನೇತುಹಾಕಿ, "ಈ ಬಾಗಿಲು ದಾಟಿದರೆ ನುಂಗಿಬಿಡುತ್ತಾನೆ" ಎಂದಳು. ಮಗು ಅವಳ ಸೆರಗಿನೊಳಗೆ ಮುಖ ಹುದುಗಿಸಿತು.

ಆದರೂ ತಾಯಿ ಬಾವಿಕಡೆ ಹೋದಾಗ, ಅವಳ ದನಿ ಕೇಳಿದರೆ ಸಾಕು, ಮಗು ಹೊಸ್ತಿಲ ತನಕ ಬಂದುಬಿಡುತ್ತಿತ್ತು. ಅದಕ್ಕೆ ಅವಳು ಇನ್ನೊಂದು ಮಾತು ಸೇರಿಸಿದಳು. "ಹಿತ್ತಲಿಂದ ನನ್ನ ದನಿ ಕೇಳಿದರೂ ಬರಬೇಡ. ಗುಮ್ಮ ನನ್ನ ಹಾಗೆಯೇ ಕರೆಯುತ್ತಾನೆ." ಆಮೇಲೆ ಮಗು ಆ ಕಡೆ ತಲೆ ಹಾಕಲಿಲ್ಲ. ತಾಯಿಗೆ ನೆಮ್ಮದಿಯೋ ನೆಮ್ಮದಿ.

ಕುಂಬಾರ ಮನೆಯ ಮುಂದೆ ಆವಿಗೆಗೆ ಬೆಂಕಿ ಕೊಟ್ಟು ಮಡಕೆ ಸುಡುತ್ತಿದ್ದ ದಿನ ಗಾಳಿ ತಿರುಗಿತು. ಕಿಡಿ ಹಾರಿ ಹುಲ್ಲಿನ ಮಾಡಿಗೆ ಬಿತ್ತು. ನೋಡನೋಡುತ್ತಿದ್ದಂತೆ ಮುಂಬಾಗಿಲು ಹತ್ತಿಕೊಂಡಿತು. ಮಗು ಒಳಗಿತ್ತು. ಬಾವಿಯ ಬಳಿಯಿದ್ದ ತಾಯಿ ಕೊಡ ಬಿಸಾಕಿ ಹಿತ್ತಲ ಬಾಗಿಲಿಗೆ ಓಡಿದಳು.

"ಬಾ ಮಗಳೇ, ಇತ್ತ ಬಾ! ನಾನು ಕಣೇ, ಅಮ್ಮ!"

ಮಗು ತಿರುಗಿ ನೋಡಿತು. ಹೊಗೆಯಲ್ಲಿ ಗುಮ್ಮನ ನಾಲಗೆ ಅಲ್ಲಾಡುತ್ತಿತ್ತು. ಅದರ ಕೆಳಗೆ ಎರಡು ಕೈ ಚಾಚಿದ್ದವು. ಅಮ್ಮನದೇ ದನಿ. ಹೇಳಿದ ಮಾತು ಕೇಳುವ ಮಗು ಅದು, ಪಾಪ. ಬೆಂಕಿಯ ಕಡೆಗೇ ಓಡಿ ಕಾಳಿನ ವಾಡೆಯ ಹಿಂದೆ ಅವಿತುಕೊಂಡಿತು.

ತಾಯಿ ಒಳಗೆ ನುಗ್ಗಿದಳು. ಹೊಗೆಯಲ್ಲಿ ಕಣ್ಣು ಕಾಣದು. "ಅದು ಬರೀ ಮಡಕೆ ಕಣೇ, ನಾನೇ ಮಾಡಿದ್ದು!" ಎಂದು ಕೂಗುತ್ತಾ ತಡಕಾಡಿದಳು. ಅವಳು ಕೂಗಿದಷ್ಟೂ ಮಗು ಇನ್ನಷ್ಟು ಮುದುಡಿತು. ಕೆಮ್ಮು ಕೇಳಿಸದಿರಲೆಂದು ಬಾಯಿಗೆ ಕೈ ಒತ್ತಿಕೊಂಡಿತು.

ಆದರೂ ಒಂದು ಕೆಮ್ಮು ತಪ್ಪಿಸಿಕೊಂಡು ಹೊರಬಿತ್ತು. ಅದು ಪಕ್ಕದ ಗೋಡೆಯಾಚೆ ಒದ್ದಾಡುತ್ತಿದ್ದ ಕುಂಬಾರನ ಕಿವಿಗೆ ಬಿತ್ತು. ಅವನು ಹಾರೆಯಿಂದ ಮಣ್ಣಿನ ಗೋಡೆಯನ್ನು ಒಡೆದು ಮಗುವನ್ನು ಹೊರಗೆಳೆದ. ಜೀವ ಉಳಿಯಿತು. ತಾಯಿಯೂ ಅದೇ ಕಿಂಡಿಯಿಂದ ತೆವಳಿ ಬಂದಳು. ಮುಖವೆಲ್ಲ ಮಸಿ, ಕೂದಲು ಕೆದರಿತ್ತು. ಬೊಬ್ಬೆಯೆದ್ದ ಕೈಗಳನ್ನು ಅಳುತ್ತಾ ಚಾಚಿದಳು.

ಮಗು ಅಪ್ಪನ ಕೊರಳನ್ನು ಬಿಗಿಯಾಗಿ ಹಿಡಿದು ಕೇಳಿತು: "ಅಪ್ಪಾ, ಇದು ಅಮ್ಮನಾ, ಗುಮ್ಮನಾ?"

ಗುರುಗಳು ಕತೆ ನಿಲ್ಲಿಸಿದರು. ಸಂಗಮನಾಥ ದಡಬಡನೆ ಎದ್ದು ಒದ್ದೆ ಬಟ್ಟೆ ತಂದ.

"ಈಗಲೇ ಒರೆಸಿಬಿಡುತ್ತೇನೆ ಗುರುಗಳೇ."

"ಒರೆಸಪ್ಪಾ, ಆದರೆ ನಾಳೆ ನೀನು ಪ್ರೀತಿಯಿಂದ ಕರೆದಾಗ, ಕರೆಯುತ್ತಿರುವವನು ನೀನೇ, ಆ ಯಮದೂತನಲ್ಲ ಎಂದು ಆ ಮಕ್ಕಳಿಗೆ ಹೇಗೆ ಗೊತ್ತಾಗಬೇಕು?"