ನಮಸ್ಕಾರದ ಕಿಂಡಿ

ಕರಡಿಗೇರಿಯ ದೇಸಾಯರ ವಾಡೆಯನ್ನು ನೋಡಲು ಬರುವವರೆಲ್ಲ ಹಿತ್ತಲಿನ ಕಲ್ಲುಗೋಡೆಯ ಮುಂದೆ ಒಮ್ಮೆ ನಿಲ್ಲುತ್ತಾರೆ. ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಅಂಗೈಯಗಲದ ಒಂದು ಕಿಂಡಿಯಿದೆ. ಅದಕ್ಕೆ ನಮಸ್ಕಾರದ ಕಿಂಡಿ ಎಂದು ಹೆಸರು. ಭಕ್ತಿಯಿಂದ ಬಂದ ಹೆಸರೆಂದು ಅವರು ತಿಳಿಯುತ್ತಾರೆ. ಊರಿನವರಾದ ನಾವು ಸುಮ್ಮನಿರುತ್ತೇವೆ.

ಹಿಂದೆ ಒಮ್ಮೆ ಈ ವಾಡೆಯಲ್ಲಿ ಹಿರಿಯ ಸೊಸೆ ಭಾಗೀರಥಿಬಾಯಿಯದೇ ಮಾತು ನಡೆಯುತ್ತಿತ್ತಂತೆ. ಬಂದ ಅತಿಥಿಗಳಿಗೆ ಕೆತ್ತನೆಯ ಕಂಬ, ಬೆಳ್ಳಿಯ ತೂಗುಮಣೆ ತೋರಿಸುವುದು ಅವಳ ಹಕ್ಕು. ಕಿರಿಯ ಸೊಸೆ ಚಂದ್ರಾಬಾಯಿ ಬಂದು, ಹಿಂದಿನ ಬರಡು ನೆಲದಲ್ಲಿ ಕೊಳ ತೋಡಿಸಿ, ಕಾರಂಜಿ ಇಡಿಸಿ, ಮಲ್ಲಿಗೆ ಹಬ್ಬಿಸಿದ ಮೇಲೆ ಬಂದವರು ಕಂಬದತ್ತ ಕಣ್ಣೂ ಹಾಯಿಸದೆ ನೇರ ತೋಟಕ್ಕೆ ನಡೆಯತೊಡಗಿದರು. ಹಿರಿಯಳ ಹೊಟ್ಟೆಗೆ ಬೆಂಕಿ ಬಿತ್ತು. ದನ ನುಗ್ಗುತ್ತವೆ ಎಂಬ ನೆಪ ಹೇಳಿ ತೋಟಕ್ಕೂ ಹಿತ್ತಲಿಗೂ ನಡುವೆ ಆಳೆತ್ತರದ ಗೋಡೆ ಎಬ್ಬಿಸಿದಳು. ಹೋಗಿಬರಲು ಮೂಲೆಯಲ್ಲೊಂದು ಬಾಗಿಲು ಉಳಿಯಿತು. ಆದರೆ ಹೊಟ್ಟೆಕಿಚ್ಚಿಗೆ ಕಂಡರೂ ಉರಿ, ಕಾಣದಿದ್ದರೆ ಇನ್ನೂ ಉರಿ. ಆಚೆ ನಗು ಕೇಳಿದರೆ ಈಚೆ ಅವಳಿಗೆ ಅನ್ನ ಸೇರದು. ಬಾಗಿಲಿಂದ ಹೋಗಿ ನೋಡಿದರೆ ಸೋತಂತೆ. ಕೊನೆಗೆ ಯಾರ ಕಣ್ಣಿಗೂ ಬೀಳದಂತೆ ಕೆಳಗಿನ ಒಂದು ಕಲ್ಲನ್ನು ತಾನೇ ಮೀಟಿ ತೆಗೆದು, ದಿನವೂ ಬಗ್ಗಿ ಇಣುಕತೊಡಗಿದಳು ಎನ್ನುತ್ತಾರೆ.

ನೆರೆಯ ಸಂಸ್ಥಾನದ ರಾಣಿ ಬಂದ ದಿನ ಅವಳ ಮಾನವೇ ಹೋಗುವುದರಲ್ಲಿತ್ತು. ರಾಣಿ ಕಿರಿಯಳಿಗೆ ಕೊಟ್ಟ ಶಾಲನ್ನು ದಾಸಿಯರು ಕೊಳದ ದಂಡೆಯಲ್ಲಿ ಬಿಡಿಸಿ ನೋಡುತ್ತಿದ್ದರು. ಅದರ ಜರಿಯಲ್ಲೇ ಹಿರಿಯಳ ಕಣ್ಣು ನೆಟ್ಟಿತ್ತು. ರಾಣಿ, ಚಂದ್ರಾಬಾಯಿ ಇಬ್ಬರೂ ಬಾಗಿಲು ದಾಟಿ ತನ್ನ ಬೆನ್ನ ಹಿಂದೆ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಇವರೇನು ಮಾಡುತ್ತಿದ್ದಾರೆ ಎಂದು ರಾಣಿ ಕೇಳಿದಳು.

“ತೋಟದಾಗ ತುಳಸಿ ಅದಲ್ರೀ,” ಎಂದಳು ಚಂದ್ರಾಬಾಯಿ, “ಅಕ್ಕಾವ್ರು ದಿನಾ ಇಲ್ಲಿಂದನ ನಮಸ್ಕಾರ ಮಾಡ್ತಾರ.”

ಇಂಥ ಭಕ್ತಿಯನ್ನು ಕಂಡಿರಲಿಲ್ಲವೆಂದು ರಾಣಿ ಹಿರಿಯಳ ಕಾಲು ಮುಟ್ಟಿದಳು. ಮಾನ ಉಳಿಯಿತು. ಮರುದಿನವೇ ಚಂದ್ರಾಬಾಯಿ, ಅಕ್ಕನಿಗೆ ತುಳಸಿ ದೂರವಾಗಬಾರದೆಂದು, ಗಿಡ ಸರಿಯಾಗಿ ಕಿಂಡಿಯ ಮುಂದೆಯೇ ಬರುವಂತೆ ಹೊಸ ಕಟ್ಟೆ ಕಟ್ಟಿಸಿದಳು. ಸುದ್ದಿ ಊರೆಲ್ಲ ಹಬ್ಬಿತ್ತು. ಭಾಗೀರಥಿಬಾಯಿ ಬದುಕಿರುವವರೆಗೆ ದಿನವೂ ಎಲ್ಲರೆದುರು ಬಗ್ಗಲೇಬೇಕಾಯಿತು. ಬಗ್ಗಿದರೆ ಕಂಡದ್ದು ಬರೀ ಎಲೆ. ಬಾಗಿಲು ದಾಟಿ ತೋಟಕ್ಕೆ ಅವಳು ಒಮ್ಮೆಯೂ ಕಾಲಿಡಲಿಲ್ಲ. ಕಿರಿಯಳದು ಕರುಣೆಯೋ ಸೇಡೋ, ನಮ್ಮಜ್ಜಿ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು.

ಇಂದಿಗೂ ಬಂದವರು ಬಗ್ಗಿ ನೋಡುತ್ತಾರೆ. ತುಳಸಿಯಾಚೆ ಏನೂ ಕಾಣದು. ಕೊಳ ಎಲ್ಲಿದೆ ಎಂದು ಹುಡುಕುವಾಗ ಮೂಲೆಯ ಹಳೆಯ ಬಾಗಿಲು ಕಣ್ಣಿಗೆ ಬೀಳುತ್ತದೆ. ಅದಕ್ಕೆ ಅಗಳಿ ಇಟ್ಟ ಗುರುತು ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ.