ಗುಮಾನಿ ಕುದ್ರು

ಹೊಸಬೆಂಗ್ರೆಯ ಅಳಿವೆಯಲ್ಲಿ, ಹೊಳೆ ಕಡಲನ್ನು ಸೇರುವ ಕಡೆ, ಒಂದು ಸಣ್ಣ ನಡುಗಡ್ಡೆಯಿದೆ. ಇಂಥದ್ದನ್ನು ಈ ಸೀಮೆಯಲ್ಲಿ ಕುದ್ರು ಎನ್ನುತ್ತಾರೆ. ಸುತ್ತಲೂ ಕೆಸರಿನಲ್ಲಿ ಬೇರೂರಿ ನಿಂತ ಕಾಂಡ್ಲ ಮರಗಳು. ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿ ಹಲಗೆಯ ಕಾಲುಹಾದಿ ಕಟ್ಟಿದ ಮೇಲೆ ಹಕ್ಕಿ ನೋಡುವವರು ದೋಣಿಯಲ್ಲಿ ಬರತೊಡಗಿದ್ದಾರೆ. ಫಲಕದ ಮೇಲಿನ ಹೆಸರು ಓದಿ, ಗುಮಾನಿ ಎಂಬುದು ಯಾವುದೋ ಹಕ್ಕಿಯಿರಬೇಕು ಎಂದುಕೊಳ್ಳುವವರೇ ಹೆಚ್ಚು. ಬೆಂಗ್ರೆಯ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ, ಕುದ್ರು ಇನ್ನೂ ಬೋಳಾಗಿದ್ದ ಕಾಲದಲ್ಲಿ, ಕುಪ್ಪ ಮರಕಾಲನೆಂಬುವನು ಬೆಂಗ್ರೆಯ ಮೀನುಗಾರರಿಗೆ ಗುರಿಕಾರನಾಗಿದ್ದ. ಊರಿನ ನ್ಯಾಯ ಕಟ್ಟುಪಾಡೆಲ್ಲ ಅವನ ಮಾತಿನಂತೆ ನಡೆಯುತ್ತಿತ್ತು. ಒಂದು ಬೇಸಗೆಯಲ್ಲಿ ಕಡಲ್ಗಳ್ಳರು ಅಳಿವೆಯ ಮರಳುದಿಬ್ಬಗಳನ್ನು ತಪ್ಪಿಸಿ ನೇರ ಒಳನುಗ್ಗಿ ದೋಣಿಗಳನ್ನು ಸುಟ್ಟರು. ಅಡ್ಡ ಬಂದ ಕುಪ್ಪನ ತಮ್ಮನನ್ನು ಕಡಿದು ಹಾಕಿದರು. ಹೊರಗಿನವರಿಗೆ ಸಿಗುವಂಥ ದಾರಿಯಲ್ಲ ಅದು. ಯಾರೋ ತೋರಿಸಿಕೊಟ್ಟಿದ್ದಾರೆ ಎಂಬ ಹುಳ ಕುಪ್ಪನ ತಲೆ ಹೊಕ್ಕಿತು. ಹೆಂಡತಿಯ ತವರಿನವರು ಬಂದರೂ, ಯಾವ ದಾರಿಯಲ್ಲಿ ಬಂದಿರಿ ಎಂದು ಕೇಳದೆ ಒಳಗೆ ಬಿಡುತ್ತಿರಲಿಲ್ಲ.

ಆ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಬಚ್ಚಿ ಎಂಬ ನಡುವಯಸ್ಸಿನ ಹೆಂಗಸು ಒಂಟಿಯಾಗಿ ಬಂದು ಕುದ್ರುವಿನಲ್ಲಿ ಗುಡಿಸಲು ಹಾಕಿದಳು. ನೀರಿಳಿದಾಗಲೆಲ್ಲ ಕೆಸರಿಗಿಳಿದು ಗೇಣುದ್ದದ ಹಸಿರು ಕೋಲುಗಳನ್ನು ಸಾಲಾಗಿ ಊರುತ್ತಿದ್ದಳು. ಕುಪ್ಪ ದಡದಲ್ಲಿ ನಿಂತು ಮೂರು ದಿನ ನೋಡಿದ. ಸಾಲುಗಳು ಕಡಲಿನತ್ತಲೇ ಸಾಗುತ್ತಿದ್ದವು. ದಾರಿಯ ಗುರುತಲ್ಲದೆ ಇನ್ನೇನು? ನಾಲ್ಕನೆಯ ದಿನ ದೋಣಿ ಹಾಕಿಕೊಂಡು ಹೋದ.

"ಯಾರ್ ಕಳ್ಸಿದ್ದ್ ನಿನ್ನ?"

"ಯಾರೂ ಇಲ್ಲೆ ಗುರಿಕಾರ್ರೇ. ಇದ್ ಕಾಂಡ್ಲದ ಬೀಜ. ಬೆಳೆದ್ರೆ ದಡ ಹಿಡ್ದ್ ನಿಲ್ತತ್ತ್."

"ಯಾವೂರ್?"

"ಬೆಳ್ಳಕೋಡಿ. ತೆಂಕ್ ಬದಿ."

"ನಿನ್ನವ್ರೆಲ್ಲ ಎಲ್ಲಿದ್ರ್?"

ಬಚ್ಚಿ ಕಡಲ ಕಡೆ ನೋಡಿದಳು. ಹಡಗು ಬರುವುದನ್ನು ಕಾಯುತ್ತಿದ್ದಾಳೆ ಎಂದೇ ಕುಪ್ಪನಿಗೆ ಅನಿಸಿತು.

ಅಂದೇ ಹೆಂಡತಿಯ ತಮ್ಮ ಶೀನನನ್ನು ತೆಂಕು ಕರಾವಳಿಗೆ ವಿಚಾರಿಸಲು ಅಟ್ಟಿದ. ಐದನೆಯ ದಿನ ಶೀನ ಮರಳಿ, "ಅಂಥಾ ಊರೇ ಇಲ್ಲೆ ಭಾವ, ಬರೀ ಮರಳ್" ಎಂದ. ಕುಪ್ಪನಿಗೆ ಮತ್ತೇನೂ ಬೇಕಿರಲಿಲ್ಲ. ಹತ್ತಾಳುಗಳೊಡನೆ ಹೋಗಿ ಪಡುವಣ ಬದಿಯ ಕೋಲುಗಳನ್ನೆಲ್ಲ ಕಿತ್ತೆಸೆದ. ಅಷ್ಟರಲ್ಲಿ ನೀರೇರಿತು, ಮೂಡಣ ಸಾಲುಗಳು ಮುಳುಗಿ ಉಳಿದುಕೊಂಡವು. ಬೆಳ್ಳಕೋಡಿ ಎಂಬ ಊರೇ ಇಲ್ಲವಂತೆ ಎನ್ನುತ್ತ ಬಚ್ಚಿಯನ್ನು ಆಚೆ ದಡಕ್ಕೆ ಇಳಿಸಿದ. "ಹೋಯಿ ಬಂದವ್ರ್ ಎಂತ ಕಂಡ್ರ್ ಅಂತ ಪೂರ್ತಿ ಕೇಳಿ" ಎಂದಷ್ಟೇ ಹೇಳಿ ಅವಳು ನಡೆದಳು.

ಇದೂ ಅವಳ ಒಂದು ಆಟವೆಂದು ಕುಪ್ಪ ಅಂದುಕೊಂಡರೂ ಮಾತು ಒಳಗೇ ಕೊರೆಯಿತು. ಊಟಕ್ಕೆ ಕೂತಾಗ ಶೀನನನ್ನು ಮತ್ತೆ ಕೇಳಿದ.

"ಮರಳ್ ಬಿಟ್ರೆ ಎಂತದೂ ಇರ್ಲಿಲ್ಯಾ?"

"ನೀರಿಳ್ದಾಗ ಕಡಲೊಳ್ಗೆ ಒಂದ್ ಬಾವಿಕಟ್ಟೆ ಕಂಡಿತ್ತ್ ಭಾವ. ಅಲ್ಲೇ ಒಂದ್ ತುಳ್ಸಿಕಟ್ಟೆ."

ಕುಪ್ಪ ಊಟ ಬಿಟ್ಟು ಎದ್ದ. ಊರು ಸುಳ್ಳಾಗಿರಲಿಲ್ಲ, ಕಡಲು ಅದನ್ನು ನುಂಗಿತ್ತು. ಮರುದಿನದಿಂದ ಹದಿನೈದು ದಿನ ಹೊಳೆಯ ಎರಡೂ ದಡ ಹುಡುಕಿದ. ಬಚ್ಚಿ ಸಿಗಲಿಲ್ಲ.

ಆಮೇಲೆ ದೂರದ ಹೊಳೆಗಳಿಂದ ಬೀಜ ತಂದು, ತಾನು ಕಿತ್ತ ಕಡೆಯಲ್ಲೆಲ್ಲ ತಾನೇ ನೆಡಲು ಇಳಿದ. ದಿನವೂ ಒಬ್ಬನೇ ಕುದ್ರುವಿಗೆ ಹೋಗುವ ಗುರಿಕಾರನನ್ನು ಕಂಡು ಊರಿನವರಲ್ಲಿ ಗುಸುಗುಸು ಎದ್ದಿತು: ಕಳ್ಳರಿಗೆ ದಾರಿ ತೋರಿಸಿದವನು ಇವನೇ ಇರಬಹುದೇ? ತಮ್ಮನ ಹೆಂಡತಿಯೂ ಅವನ ಅಂಗಳ ತುಳಿಯುವುದನ್ನು ಬಿಟ್ಟಳು. ಗುರಿಕಾರಿಕೆ ಬೇರೆ ಮನೆಗೆ ಹೋಯಿತು. ಕುಪ್ಪ ನೆಡುವುದನ್ನು ಬಿಡಲಿಲ್ಲ. ಅನುಮಾನದ ಕಣ್ಣುಗಳೆದುರು ತಲೆಯೆತ್ತಿ ನಿಲ್ಲುವುದು ಎಷ್ಟು ಕಷ್ಟವೆಂದು ಅವನಿಗೆ ಆಗ ತಿಳಿಯಿತು ಎನ್ನುತ್ತಾರೆ. ಗುಮಾನಿ ಕುದ್ರು ಎಂಬ ಹೆಸರು ಆ ಗುಸುಗುಸುವಿನಲ್ಲೇ ಹುಟ್ಟಿದ್ದು.

ಇಂದಿಗೂ ಹಲಗೆಯ ಹಾದಿಯಲ್ಲಿ ನಡೆದವರಿಗೆ ಮೂಡಣದಲ್ಲಿ ಒತ್ತೊತ್ತಾಗಿ ನೇರ ನಿಂತ ಸಾಲುಗಳು ಕಾಣುತ್ತವೆ. ಪಡುವಣದಲ್ಲಿ ಮರಗಳು ಓರೆಕೋರೆಯಾಗಿ, ನಡುನಡುವೆ ಬಿಟ್ಟುಹೋದಂತಿವೆ. ಮಣ್ಣಿನ ಗುಣ ಎನ್ನುತ್ತಾರೆ ತಿಳಿದವರು. ಬೆಂಗ್ರೆಯವರು ಮಾತ್ರ, ಮುದಿ ಕುಪ್ಪ ನಡುಗುವ ಕೈಯಲ್ಲಿ ಒಬ್ಬನೇ ನೆಟ್ಟ ಸಾಲು ಅದು ಎನ್ನುತ್ತಾರೆ.