ದೇವೀರಿಯ ಸೆರಗಿನ ಗಂಟು

ಒಂದಾನೊಂದು ಕಾಲದಲ್ಲಿ, ಹೊಳೆಗೆ ಸೇತುವೆ ಕಟ್ಟೋದು ಯಾರಿಗೂ ತಿಳೀದ ಕಾಲದಲ್ಲಿ, ಒಂದು ಹೊಳೆ ದಂಡೇಲಿ ಚಿಕ್ಕಮಾದ ಅಂತ ಒಬ್ಬ ಅಂಬಿಗ ಇದ್ನಂತೆ. ಕಾಲು ಮಡಚ್ಕೋ ಚಿನ್ನಾ, ಅಜ್ಜಿಗೂ ಚೂರು ಜಾಗ ಬಿಡು, ಹಾಂ. ಅವನದೊಂದು ಹರಿಗೋಲು, ದೊಡ್ಡ ಬುಟ್ಟಿ ಥರ ದುಂಡಗೆ, ಹತ್ತು ಜನ ಕೂತ್ರೆ ಆಮೇಲೆ ಒಬ್ಬರೂ ಅಲ್ಲಾಡೋ ಹಾಗಿಲ್ಲ. ಅವನಿಗೊಬ್ಬಳೇ ಮಗಳು, ದೇವೀರಿ. ತಾಯಿ ಇಲ್ಲ, ಓದಿಲ್ಲ, ಬರಹ ಇಲ್ಲ, ಕಿವಿ ಮಾತ್ರ ಮೊಲದ ಕಿವಿ ಹಾಗೆ ಯಾವಾಗ್ಲೂ ನಿಮಿರೇ ಇರ್ತಿತ್ತಂತೆ.

ಹೊಳೆ ದಾಟೋಕೆ ಬಂದೋರ ಕೈಲಿ ಕಾಸಿಲ್ಲ ಅಂದ್ರೆ ಚಿಕ್ಕಮಾದ ವಾಪಸ್ ಕಳಿಸ್ತಿರ್ಲಿಲ್ವಂತೆ. ನನ್ನ ಮಗಳಿಗೆ ಗೊತ್ತಿಲ್ಲದ್ದು ಒಂದು ಹೇಳ್ಕೊಡಿ, ಹತ್ತಿ ಕೂತ್ಕೊಳ್ಳಿ ಅಂತಿದ್ನಂತೆ. ಹಂಗೆ ಬಳೆಗಾರ ಒಂದು ತೆಲುಗು ಮಾತು ಕೊಟ್ಟು ದಾಟ್ದ, ಮೀನು ಹಿಡಿಯೋಳು ನೀರಿನ ಬಣ್ಣ ನೋಡೋದು ಕಲಿಸಿ ದಾಟಿದ್ಲು, ಕುರಿ ಕಾಯೋನು ಯಾವ ಚುಕ್ಕಿ ಯಾವ ದಿಕ್ಕಿಗೆ ಅಂತ ತೋರಿಸಿ ದಾಟ್ದ. ದಿನಕ್ಕೆ ಒಂದೇ. ಜಾಸ್ತಿ ಹೇಳೋಕೆ ಬಂದ್ರೆ ದೇವೀರಿ, ಬೇಡ ಮಾವಾ, ಎರಡಾದ್ರೆ ಎರಡೂ ಜಾರಿಹೋಗ್ತವೆ, ನಾಳೆ ಬಾ ಅಂತಿದ್ಲಂತೆ. ಕೇಳಿದ್ದೇ ತಡ, ಸೆರಗಿನ ತುದೀಗೆ ಒಂದು ಗಂಟು. ಸಂಜೆ ಮುದ್ದೆ ಮುಂದೆ ಕೂತಾಗ ಅಪ್ಪ ಆ ಗಂಟು ಹುಡುಕಿ, ಇವತ್ತಿಂದೇನವ್ವಾ ಅಂತ ಕೇಳ್ತಿದ್ನಂತೆ. ಅವಳು ನೆಟ್ಟಗೆ ಹೇಳಿದ್ರೆ ಗಂಟು ಬಿಚ್ಚೋದು, ಮರೆತ್ರೆ ಗಂಟು ಹಾಗೇ.

ಹೀಗೇ ವರ್ಷಗಳು ಹೋದ್ವು. ಆಮೇಲೆ ಚಿಕ್ಕಮಾದನ ಕಣ್ಣಿಗೆ ಪೊರೆ ಬಂತಂತೆ. ಗಂಟನ್ನ ಬೆರಳಲ್ಲೇ ತಡಕೋ ಹಾಗಾಯ್ತಂತೆ. ಊರ ಗೌಡ ಬಂದು, ಚಿಕ್ಕಮಾದಾ, ಕಣ್ಣು ಕಾಣದೋನ ಕೈಗೆ ಹತ್ತು ಜೀವ ಕೊಡೋಕಾಗಲ್ಲಪ್ಪ, ಜನ ದಾಟಿಸೋ ಈ ಕಡವನ್ನ ನನ್ನ ಬಾಮೈದನಿಗೆ ಬಿಟ್ಬಿಡು ಅಂದ್ನಂತೆ. ಕಡವು ಹೋದ್ರೆ ದಂಡೆ ಮೇಲಿನ ಗುಡಿಸಲೂ ಹೋಯ್ತು, ಅಪ್ಪನ ಕೈ ಹಿಡ್ಕೊಂಡು ಊರೂರು ಅಲೀಬೇಕು. ದೇವೀರಿ ಮುಂದೆ ಬಂದು, ಗೌಡ್ರೇ, ಹುಟ್ಟು ನಾನು ಹಾಕ್ತೀನಿ ಅಂದ್ಲಂತೆ. ನೀನಾ, ಅ ಆ ಬರದೋಳು, ನಿಂಗೇನಮ್ಮ ಗೊತ್ತು ಅಂತ ಗೌಡ ನಕ್ಕ. ದಿನಕ್ಕೊಂದು ಗೊತ್ತು ಗೌಡ್ರೇ ಅಂದ್ಲಂತೆ. ಗೌಡನೂ ಕೆಟ್ಟೋನಲ್ಲ. ಸರಿ, ಮೂರು ದಿನ ನೋಡೋಣ, ಮೂರರಲ್ಲಿ ಒಂದು ಕೆಟ್ರೂ ಕಡವು ನಿಮ್ದಲ್ಲ ಅಂದ.

ಮೊದಲನೇ ದಿನ ಹರಿಗೋಲು ತುಂಬ ಜನ. ನಡುಹೊಳೇಲಿ ಒಬ್ಬ ತೆಲುಗಿನ ತಾತ ಹುಲ್ಲಿನ ಹೊರೆ ಕಡೆ ಕೈ ತೋರಿಸ್ತಾ ಪಾಮು, ಪಾಮು ಅಂತ ನಡುಗೋಕೆ ಶುರುಮಾಡ್ದ. ಜನಕ್ಕೆ ಅರ್ಥ ಆಗ್ಲಿಲ್ಲ, ಅಜ್ಜನಿಗೆ ಅರಳುಮರಳು ಅಂತ ನಕ್ರು. ದೇವೀರಿಗೆ ಗೊತ್ತು, ಬಳೆಗಾರ ಕೊಟ್ಟ ಮಾತದು. ಪಾಮು ಅಂದ್ರೆ ಹಾವು! ಆದ್ರೆ ಹಾವು ಅಂತ ಕೂಗಿದ್ರೆ ಎಲ್ರೂ ಎದ್ದು ನಿಂತು ಹರಿಗೋಲು ಮಗುಚ್ಕೊಳ್ಳತ್ತೆ. ಏನ್ಮಾಡಿದ್ಲು ಹೇಳು? ನಡುಹೊಳೆ ಬಂತು, ಎಲ್ರೂ ಕಣ್ಮುಚ್ಚಿ ಗಂಗಮ್ಮನಿಗೆ ಕೈ ಮುಗೀರಿ ಅಂದ್ಲಂತೆ. ಎಲ್ರೂ ಕಣ್ಮುಚ್ಚಿದ್ರು, ಇವಳು ಹುಟ್ಟಿನಿಂದ ಹೊರೇನ ಎತ್ತಿ ನೀರಿಗೆ ಹಾಕಿದ್ಲು. ಅಯ್ಯೋ ನನ್ನ ಹುಲ್ಲು ಅಂತ ಹೊರೆಯೋಳು ಬಾಯಿ ತೆಗೆದ್ಲು, ಅಷ್ಟರಲ್ಲಿ ಮಾರುದ್ದದ ಹಾವು ಹುಲ್ಲಿಂದ ಈಚೆ ಬಂದು ಈಜ್ತಾ ಹೋಯ್ತಂತೆ. ತೆಗೆದ ಬಾಯಿ ದಡ ಬರೋ ತನಕ ಮುಚ್ಚಲಿಲ್ವಂತೆ.

ಎರಡನೇ ದಿನ ಗೌಡನೇ ಹೊಸ ರುಮಾಲು ಸುತ್ಕೊಂಡು, ಮೊಮ್ಮಗಳ ನಾಮಕರಣ ಅಂತ ಬಂದ. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ದೇವೀರಿ ನೀರು ನೋಡಿದ್ಲು, ಕೆಂಪಗಾಗಿದೆ, ತರಗೆಲೆ, ಕಡ್ಡಿ ತೇಲಿ ಬರ್ತಿವೆ. ಮೀನಿನೋಳು ಹೇಳಿದ್ದು ನೆನಪಾಯ್ತು, ಮೇಲುಗಡೆ ಮಳೆ ಹೊಡೆದಿದೆ. ಈಗ ಹೊರಡಲ್ಲ ಗೌಡ್ರೇ ಅಂದ್ಲು. ಹಂಗಾದ್ರೆ ಸೋತೆ ಅಂತ ಗೌಡ ಕಣ್ಣು ಕೆಂಪಗೆ ಮಾಡ್ದ, ಜೊತೇಲಿ ಬಂದಿದ್ದ ಬಾಮೈದ ಹುಟ್ಟಿಗೆ ಕೈ ಹಾಕ್ದ. ಅಷ್ಟರಲ್ಲಿ ಗುಡುಗುಡು ಸದ್ದು, ನೋಡ್ತಾರೆ, ಬೇರು ಸಮೇತ ಒಂದು ಮರ ಹೊತ್ಕೊಂಡು ಹೊಳೆ ಬಂತಂತೆ. ಗೌಡ ರುಮಾಲು ಬಿಚ್ಚಿ ಬೆವರು ಒರೆಸ್ಕೊಂಡು ಮನೆಗೆ ಹೋದ್ನಂತೆ.

ಮೂರನೇ ದಿನ ಹೊಳೆ ಇಳಿದಿತ್ತು. ಒಬ್ಬ ಉಪ್ಪಿನ ವ್ಯಾಪಾರಿ ಹಿಂದಿನ ದಿನವಷ್ಟೇ ಕೊಂಡ ಕತ್ತೆ ಹೊಡ್ಕೊಂಡು ಬಂದ. ಕತ್ತೆ ಹರಿಗೋಲು ಹತ್ತಲ್ಲ. ಎಳೆದ್ಲು, ತಳ್ಳಿದ್ಲು, ಬೆಲ್ಲ ತೋರಿಸಿದ್ಲು. ಕತ್ತೆ ಬೆಲ್ಲ ತಿಂದು ಒದೀತು. ಜನ ಬಿದ್ದು ಬಿದ್ದು ನಕ್ರು. ಇಷ್ಟು ವರ್ಷ ಹಾಕಿದ ಗಂಟಲ್ಲಿ ಕತ್ತೆ ವಿಷಯ ಒಂದೂ ಇಲ್ವಲ್ಲಪ್ಪಾ ಅಂತ ದೇವೀರಿಗೆ ಅಳು ಬಂತಂತೆ. ಆ ಕಡೆ ಕಲ್ಲಿನ ಮೇಲೆ ಒಬ್ಬಳು ಅಗಸರ ಮುದುಕಿ ಬಟ್ಟೆ ಒಗೀತಿದ್ಲು, ಅವಳನ್ನ ಯಾರೂ ಮಾತಾಡಿಸಿರಲಿಲ್ಲ. ದೇವೀರಿ ಅಲ್ಲಿಗೆ ಓಡಿದ್ಲು. ದಂಡೇಲಿ ಗೌಡನ ಪಕ್ಕ ನಿಂತಿದ್ದ ಬಾಮೈದ, ಕೇಳೋಕೆ ಹೋದ್ಲು, ಗೊತ್ತಿಲ್ಲ ಅಂತ ಒಪ್ಕೊಂಡ ಹಾಗಾಯ್ತು ಅಂತ ಕೂಗ್ದ. ಅವಳು ತಿರುಗಿ ನೋಡ್ಲಿಲ್ಲ. ದೊಡ್ಡವ್ವಾ, ನಂಗೆ ಗೊತ್ತಿಲ್ಲ, ಹೇಳ್ಕೊಡು ಅಂದ್ಲು. ಮುದುಕಿ, ಅಷ್ಟೇನಾ ಮಗಳೇ, ಥಳಥಳ ಅನ್ನೋ ನೀರು ಕಂಡ್ರೆ ಅದಕ್ಕೆ ಭಯ, ಕಣ್ಣು ಕಟ್ಟು, ನಿಧಾನಕ್ಕೆ ನಡೆಸು ಅಂದ್ಲಂತೆ. ದೇವೀರಿ ಸೆರಗಲ್ಲೇ ಕತ್ತೆ ಕಣ್ಣು ಮುಚ್ಚಿ ಹಿಡ್ಕೊಂಡು ನಡೆಸಿದ್ಲು. ಕತ್ತೆ ಮದುಮಗಳ ಹಾಗೆ ತಲೆ ತಗ್ಗಿಸಿ ಹತ್ತಿ ನಿಂತ್ಕೊಳ್ತಂತೆ.

ದಾಟಿಸಿ ವಾಪಸ್ ಬಂದ್ಮೇಲೆ ಗೌಡ ಕೇಳ್ದ, ನಿಂಗೆ ಗೊತ್ತಿರಲಿಲ್ಲ ತಾನೇ? ದೇವೀರಿ ಅಂದ್ಲಂತೆ, ಬೆಳಗ್ಗೆ ಗೊತ್ತಿರಲಿಲ್ಲ ಗೌಡ್ರೇ, ಈಗ ಗೊತ್ತು. ಗೌಡ ಗಹಗಹಿಸಿ ನಕ್ಕು, ಬಿದ್ದಿದ್ದ ಹುಟ್ಟನ್ನ ತಾನೇ ಎತ್ತಿ ಅವಳ ಕೈಗೆ ಕೊಟ್ನಂತೆ.

ಅವತ್ತು ಸಂಜೆ ಅಪ್ಪ ಸೆರಗಿನ ತುದಿ ತಡಕಿ ಮೂಗು ಮುರಿದು, ಏನವ್ವಾ ಇದು, ಗಂಟಿಲ್ಲ, ಕತ್ತೆ ವಾಸನೆ ಅಂದ್ನಂತೆ. ಅದೇ ಅಪ್ಪಾ ಇವತ್ತಿಂದು ಅಂದ್ಲಂತೆ ದೇವೀರಿ. ಇಬ್ಬರೂ ನಕ್ಕು ನಕ್ಕು ಮುದ್ದೆ ಆರಿಹೋಯ್ತಂತೆ. ಆ ಕಡವಲ್ಲೇ ಅವರು ಸುಖವಾಗಿದ್ರು, ಕತೆ ಮುಗೀತು, ನಿನ್ನನ್ನೂ ದಡ ಸೇರಿಸಿದೆ. ಎಲ್ಲಿ ನನ್ನ ಕೂಲಿ, ನಂಗೆ ಗೊತ್ತಿಲ್ಲದ್ದು ಒಂದು ಹೇಳಿ ಮಲಕ್ಕೋ.

ಕತ್ತೆಗೆ ಕಣ್ಣು ಕಟ್ಟಿದ್ರೆ ಹರಿಗೋಲು ಹತ್ತತ್ತೆ ಅಜ್ಜಿ.

ಅಯ್ ಕಳ್ಳಿ, ಅದು ನಾನೇ ಕೊಟ್ಟಿದ್ದಲ್ವೇನೇ! ಆಗಲಿ, ಕೊಡು ನಿನ್ನ ಲಂಗದ ತುದಿ, ಗಂಟು ಹಾಕ್ತೀನಿ.